ಹೆಸರು ಕಳಕೊಂಡ ಸಾಹೇಬ

ಹೋದ ತಿಂಗಳು ಒಂದು ಶನಿವಾರ, ಕಟ್ಟು ಹಾಕಲು ಕೊಟ್ಟಿದ್ದ ಚಿತ್ರ ತರೋಣ ಅಂತ ಪೇಟೆಗೆ ಹೋದೆ. ಗಲ್ಲಿಯೊಳಗಿನ ಸಣ್ಣ ಅಂಗಡಿ. ಗೋಡೆ ತುಂಬ ತಿಮ್ಮಪ್ಪ, ರಾಘವೇಂದ್ರ ಸ್ವಾಮಿಗಳು, ಈಚೆಗೆ ತೀರಿಕೊಂಡ ಯಾರು ಯಾರದೋ ದೊಡ್ಡದು ಮಾಡಿಸಿದ ಫೋಟೋಗಳು. ಯಜಮಾನರು ಒಳಗಿನಿಂದ ನನ್ನ ಫ್ರೇಮು ತಂದು, ಅಂಗಿಯ ತೋಳಿನಲ್ಲೇ ಗಾಜು ಒರೆಸಿ ಮೇಜಿನ ಮೇಲಿಟ್ಟರು. ಕಪ್ಪು ಮರ, ಒಳಗೆ ಚಿನ್ನದ ಬಣ್ಣದ ತೆಳು ಗೆರೆ. ಚೆನ್ನಾಗಿಯೇ ಇತ್ತು. ಆದರೂ ಏನೋ ಕಡಿಮೆ ಅನ್ನಿಸಿತು. ಇನ್ನೊಂದು ಸಲ ನೋಡಿದೆ. ಚಿತ್ರದ ಕೆಳಗಿದ್ದ ಬರಹವೇ ಇಲ್ಲ.

"ಕೆಳಗೆ ಅಕ್ಷರ ಇತ್ತಲ್ಲ ಯಜಮಾನ್ರೇ?"

"ಇತ್ತು ಸಾರ್. ಅಂಚೆಲ್ಲ ಕಂದು ಹಿಡಿದಿತ್ತು. ಫ್ರೇಮಿಗೂ ಉದ್ದ ಆಗ್ತಿತ್ತು. ನೀಟಾಗಿ ಕತ್ತರಿಸಿದೆ. ಈಗ ನೋಡಿ, ಮುಖ ಎಷ್ಟು ಚೆನ್ನಾಗಿ ಎದ್ದು ಕಾಣ್ತಿದೆ!"

ನನಗೆ ಮಾತೇ ಹೊರಡಲಿಲ್ಲ. ಬೈಯೋಣ ಅಂದರೆ ಅವರ ಮುಖದಲ್ಲಿ ಅಷ್ಟು ಸಂತೋಷ. ಕತ್ತರಿಸಬೇಡಿ ಅಂತ ಮೊದಲೇ ಹೇಳಬೇಕಾದವನು ನಾನು. ಸುಮ್ನೆ ದುಡ್ಡು ಕೊಟ್ಟು ಆಟೋ ಹತ್ತಿದೆ. ತೊಡೆಯ ಮೇಲೆ ಗಾಜಿನೊಳಗೆ ಒಬ್ಬ ದುಂಡು ಮುಖದ ಇಂಗ್ಲಿಷ್ ಸಾಹೇಬ. ಅವನು ಯಾರು, ಅವನ ಚಿತ್ರ ಬರೆದವರು ಯಾರು, ತಾಮ್ರದ ಮೇಲೆ ಕೊರೆದವರು ಯಾರು, ಯಾವ ವರ್ಷ, ಯಾವ ಅಂಗಡಿ ಎಲ್ಲವನ್ನೂ ಹೇಳುತ್ತಿದ್ದದ್ದು ಎರಡು ಬೆರಳಗಲದ ಒಂದು ಕಾಗದದ ಪಟ್ಟಿ. ಅದು ಈಗ ಅಂಗಡಿಯ ಕಸದಲ್ಲಿ.

ಫೋನಿನಲ್ಲಿ ಮೊದಲೇ ಫೋಟೋ ತೆಗೆದಿಟ್ಟುಕೊಂಡಿರಲಿಲ್ಲವೇ ಅಂತ ಕೇಳುತ್ತೀರಿ. ತೆಗೆದಿದ್ದೆ. ಮುಖದ್ದು ಮಾತ್ರ.

ಎಂಟು ಪೌಂಡಿನ ಗಿರಾಕಿ

ಹಳೆಯ ಅಚ್ಚಿನ ಚಿತ್ರ ಸೇರಿಸುವ ಈ ಹುಚ್ಚು ಹತ್ತಿದ್ದು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ. ಆಫೀಸಿನವರು ಎಂಟು ತಿಂಗಳಿಗೆ ಅಂತ ಕಳಿಸಿದ್ದರು. ಶನಿವಾರ ಭಾನುವಾರ ಮಾಡಲು ಕೆಲಸವಿಲ್ಲ, ಹೊರಗೆ ಸದಾ ಜಿಟಿಜಿಟಿ ಮಳೆ. ಒಂದು ಸಂತೆಯಲ್ಲಿ ಹಳೆ ಚಮಚ, ಪಿಂಗಾಣಿ ನಾಯಿ, ಒಡೆದ ಗಡಿಯಾರಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ನೂರಾರು ಬಿಡಿ ಹಾಳೆಗಳು. ಎಲ್ಲದರಲ್ಲೂ ಒಬ್ಬೊಬ್ಬ ಗಂಡಸು. ಮಂತ್ರಿಗಳು, ಲಾರ್ಡುಗಳು, ಜನರಲ್‌ಗಳು, ಪಾರ್ಲಿಮೆಂಟಿನಲ್ಲಿ ಮಾತಾಡಿ ಮಾತಾಡಿ ದಣಿದಂತೆ ಕಾಣುವ ಮುದುಕರು. ಯಾವುದು ತಗೊಂಡರೂ ಎಂಟು ಪೌಂಡು. ಒಂದು ಕಾಲದಲ್ಲಿ ದೇಶ ಆಳಿದವರೆಲ್ಲ ಹೀಗೆ ತರಕಾರಿಯಂತೆ ಒಂದೇ ಬೆಲೆಗೆ ನಿಂತಿರುವುದು ನೋಡಿ ನಗು ಬಂತು. ಬೆರಳಾಡಿಸುತ್ತಾ ಹೋದವನಿಗೆ ಕಾರ್ನ್‌ವಾಲಿಸ್ ಸಿಕ್ಕಿದ. ಈಗ ಹೆಸರು ಕಳಕೊಂಡ ಸಾಹೇಬ ಇವನೇ.

ಬೆಂಗಳೂರಿನವನಿಗೆ ಆ ಹೆಸರು ಸುಮ್ಮನೆ ಬಿಟ್ಟುಹೋಗುವಂಥದ್ದಲ್ಲ. ಕೃಷ್ಣರಾಜೇಂದ್ರ ರಸ್ತೆಯ ನಮ್ಮ ಕೋಟೆಯ ಗೋಡೆಯಲ್ಲಿ 1791ರ ಮಾರ್ಚ್ 21 ಅಂತ ಕೆತ್ತಿದ ಕಲ್ಲು ಇದೆಯಲ್ಲ, ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಇದೇ ಅಂತ? ಆ ಸೈನ್ಯ ಇವನದು. ಆ ವರ್ಷವೇ ನಂದಿಬೆಟ್ಟ, ಸಾವನದುರ್ಗ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದ, ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಗೆ ಟಿಪ್ಪುವಿನ ಇಬ್ಬರು ಮಕ್ಕಳು. ಬೆಂಗಳೂರಿಗೆ ನುಗ್ಗುವ ಹತ್ತು ವರ್ಷ ಮುಂಚೆ, 1781ರಲ್ಲಿ, ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರ ಎದುರು ಸೋತು ಶರಣಾಗಿದ್ದವನೂ ಇವನೇ. ಅಲ್ಲಿ ಕಳಕೊಂಡ ಮಾನವನ್ನು ನಮ್ಮ ಊರಲ್ಲಿ ವಸೂಲಿ ಮಾಡಿಕೊಂಡ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಎಂಟು ಪೌಂಡು ಕೊಟ್ಟೆ. ಮುಂದಿನ ವಾರ ಇನ್ನೆರಡು ತಗೊಂಡೆ. ವಾಪಸ್ ಬರುವಾಗ ಸೂಟ್‌ಕೇಸಿನ ತಳದಲ್ಲಿ ಎರಡು ಪ್ಲೈವುಡ್ ಹಲಗೆಗಳ ನಡುವೆ ಇಪ್ಪತ್ತಾರು ಮಂದಿ ಮಲಗಿದ್ದರು.

ಗಾಂಧೀಜಿಯನ್ನು ಸವರಿ ನೋಡಿ

ಎಂಗ್ರೇವಿಂಗ್ ಅಂದರೆ ಏನು ಅಂತ ಅಮ್ಮನಿಗೆ ಹೇಳಿಕೊಡಲು ನಾನು ಉಪಯೋಗಿಸಿದ್ದು ಇನ್ನೂರು ರೂಪಾಯಿ ನೋಟನ್ನು. ಹೊಸ ನೋಟಿನಲ್ಲಿ ಗಾಂಧೀಜಿ ಮುಖದ ಮೇಲೆ ಬೆರಳು ಆಡಿಸಿದರೆ ಸ್ವಲ್ಪ ಉಬ್ಬು ತಗಲುತ್ತದೆ. ಅದೇ ವಿದ್ಯೆ. ಲೋಹದ ತಗಡಿನಲ್ಲಿ ಗೆರೆ ಕೊರೆಯುವುದು, ಗೆರೆಯೊಳಗೆ ಮಸಿ ತುಂಬುವುದು, ಮೇಲಿನ ಮಸಿ ಒರೆಸಿಬಿಡುವುದು, ಆಮೇಲೆ ಕಾಗದ ಇಟ್ಟು ಒತ್ತುವುದು. ಎಷ್ಟು ಜೋರಾಗಿ ಒತ್ತುತ್ತಾರೆ ಅಂದರೆ ಕಾಗದವೇ ಗೆರೆಯೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ನಮ್ಮ ನೋಟುಗಳು ಅಚ್ಚಾಗುವ ಜಾಗಗಳಲ್ಲಿ ಮೈಸೂರೂ ಒಂದು. ಹಾಗಾಗಿ ರಾಜಕಾರಣಿಯ ಎಂಗ್ರೇವಿಂಗ್ ಸಂಗ್ರಹಿಸದ ಮನೆ ಕರ್ನಾಟಕದಲ್ಲಿ ಒಂದೂ ಇಲ್ಲ ಅಂತ ನಾನು ತಮಾಷೆ ಮಾಡುವುದುಂಟು. ಅಂದ ಹಾಗೆ ಆ ನೋಟಿನ ಗಾಂಧೀಜಿಯೂ ಕತ್ತರಿಸಿದ ಚಿತ್ರವೇ. ಮೂಲ 1946ರ ಫೋಟೋ. ಅದರಲ್ಲಿ ಪಕ್ಕಕ್ಕೆ ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಇದ್ದರು. ಅಂಚು ಕತ್ತರಿಸುವವರು ಎಲ್ಲ ಕಡೆಯೂ ಇದ್ದಾರೆ!

ಹಳೆಯ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರದ ಸುತ್ತ ಚೌಕಾಕಾರದ ಒಂದು ತಗ್ಗು ಕಾಣುತ್ತದೆ. ಒದ್ದೆ ಕಾಗದದ ಮೇಲೆ ತಗಡಿನ ಅಂಚು ಒತ್ತಿದ ಗುರುತು ಅದು. ಭೂತಗನ್ನಡಿ ಹಿಡಿದರೆ ಇನ್ನೂ ಮಜಾ. ಕೆಲವು ಮುಖಗಳಲ್ಲಿ ಗೆರೆಯೇ ಇಲ್ಲ, ಬರೀ ಚುಕ್ಕಿ. ಸಾವಿರಾರು ಚುಕ್ಕಿ. ಕೆನ್ನೆಯ ಹತ್ತಿರ ವಿರಳ, ಗದ್ದದ ಕೆಳಗೆ ದಟ್ಟ. ಇದನ್ನು ಸ್ಟಿಪಲ್ ಅನ್ನುತ್ತಾರೆ. 1764ರಲ್ಲಿ ಇಟಲಿಯಿಂದ ಲಂಡನ್ನಿಗೆ ಬಂದ ಬಾರ್ತೊಲೊಝಿ ಅನ್ನುವವನ ಕೈಯಲ್ಲಿ ಇದು ಭಾರಿ ಫ್ಯಾಷನ್ ಆಯಿತು. ಮೆಝೋಟಿಂಟ್ ಅಂತ ಇನ್ನೊಂದಿದೆ. ಅದರ ದಾರಿ ತಲೆಕೆಳಗು. ಇಡೀ ತಗಡನ್ನು ಮೊದಲೇ ಒರಟು ಮಾಡಿ ಪೂರ್ತಿ ಕಪ್ಪು ಬರುವ ಹಾಗೆ ಮಾಡಿಕೊಂಡು, ಆಮೇಲೆ ಅಲ್ಲಲ್ಲಿ ಹೆರೆದು ಬೆಳಕು ತರುವುದು. ಕತ್ತಲಿನಿಂದ ಮುಖ ಈಚೆ ಬರುತ್ತದೆ. ಆದರೆ ಆ ಒರಟು ಬೇಗ ಸವೆಯುವುದರಿಂದ ಚೆನ್ನಾಗಿ ಮೂಡುವುದು ಮೊದಮೊದಲ ಹಾಳೆಗಳು ಮಾತ್ರ. ನನ್ನ ಹತ್ತಿರ ಇರುವ ಒಂದೇ ಒಂದು ಮೆಝೋಟಿಂಟು ಕೊನೆಕೊನೆಯದ್ದಿರಬೇಕು. ಅದರಲ್ಲಿರುವ ಮಂತ್ರಿ ಮಂಜಿನಲ್ಲಿ ಹಾಲು ತರಲು ಹೊರಟವನಂತೆ ಕಾಣುತ್ತಾನೆ.

ಇದೆಲ್ಲ ಕಲಿತದ್ದು ಮೋಸ ಹೋಗಿ. ಆನ್‌ಲೈನಿನಲ್ಲಿ ಒಬ್ಬರಿಂದ "ಉಕ್ಕಿನ ತಗಡಿನದು, 1790" ಅಂತ ಬರೆದಿದ್ದ ಒಂದನ್ನು ದುಬಾರಿ ಬೆಲೆಗೆ ತಗೊಂಡೆ. ಚಿತ್ರದ ಅಚ್ಚಿಗೆ ಉಕ್ಕು ಬಳಕೆಗೆ ಬಂದದ್ದೇ 1820ರ ದಶಕದಲ್ಲಿ ಅಂತ ಆಮೇಲೆ ಗೊತ್ತಾಯಿತು. ತಾಮ್ರ ಬೇಗ ಸವೆಯುತ್ತದೆ, ಉಕ್ಕು ಸಾವಿರಗಟ್ಟಲೆ ಹಾಳೆ ತಡೆಯುತ್ತದೆ. ಅದಕ್ಕೇ ವಿಕ್ಟೋರಿಯಾ ಕಾಲದ ಉಕ್ಕಿನ ಮುಖಗಳು ಅಗ್ಗ.

ನನ್ನ ಯಜಮಾನರು ಕತ್ತರಿಸಿ ಎಸೆದ ಪಟ್ಟಿಯ ವಿಷಯಕ್ಕೆ ಬರೋಣ. ಚಿತ್ರದ ಕೆಳಗೆ ಎಡಮೂಲೆಯಲ್ಲಿ ಒಂದು ಹೆಸರು, ಪಕ್ಕದಲ್ಲಿ "ಪಿಂಕ್ಸಿಟ್" ಅಂತ ಇರುತ್ತದೆ. ಬಣ್ಣದಲ್ಲಿ ಮೂಲಚಿತ್ರ ಬರೆದವನು. ಬಲಮೂಲೆಯಲ್ಲಿ ಇನ್ನೊಂದು ಹೆಸರು, ಪಕ್ಕದಲ್ಲಿ "ಸ್ಕಲ್ಪ್ಸಿಟ್". ತಗಡು ಕೊರೆದವನು. ನಡುವೆ ಸಾಹೇಬರ ಹೆಸರು, ಬಿರುದು ಬಾವಲಿ. ಎಲ್ಲಕ್ಕಿಂತ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರಕಟಿಸಿದವರ ಹೆಸರು, ವಿಳಾಸ, ತಾರೀಕು. ಈ ತಾರೀಕು ಸುಮ್ನೆ ಬಂದದ್ದಲ್ಲ. ತನ್ನ ಚಿತ್ರಗಳನ್ನು ಕಂಡಕಂಡವರು ನಕಲು ಹೊಡೆಯುತ್ತಿದ್ದಾರೆ ಅಂತ ಲಂಡನ್ನಿನ ಚಿತ್ರಕಾರ ಹೋಗಾರ್ಥ್ ಮತ್ತವನ ಜೊತೆಗಾರರು ಪಾರ್ಲಿಮೆಂಟಿನ ಬಾಗಿಲು ಬಡಿದರು. 1735ರಲ್ಲಿ ಕಾಯಿದೆ ಜಾರಿಗೆ ಬಂತು. ಹಕ್ಕು ಬೇಕಾದರೆ ಒಡೆಯನ ಹೆಸರೂ ಪ್ರಕಟವಾದ ದಿನವೂ ತಗಡಿನಲ್ಲೇ ಕೊರೆದಿರಬೇಕು. ಹೀಗಾಗಿ ಆ ಸಾಲು ಹಾಳೆಯ ಜನ್ಮಪತ್ರ. ನನ್ನದರಲ್ಲಿ 1790ರ ದಶಕದ ಯಾವುದೋ ವರ್ಷ ಇತ್ತು. ತೊಂಬತ್ತೆರಡೋ ಮೂರೋ. ನೋಡಿದ್ದೆ, ನೆನಪಿಟ್ಟುಕೊಳ್ಳಲಿಲ್ಲ. ಅಲ್ಲೇ ಇದೆಯಲ್ಲ, ಎಲ್ಲಿ ಹೋಗುತ್ತೆ ಅಂದುಕೊಂಡೆ.

ಪಾದ್ರಿಯ ಕತ್ತರಿ

ಕತ್ತರಿಸುವುದು ನಮ್ಮ ಪೇಟೆಯವರ ಕೆಟ್ಟ ಚಾಳಿ ಅಂತ ಮಾತ್ರ ಅಂದುಕೊಳ್ಳಬೇಡಿ. ರೆಡಿಂಗಿನಿಂದ ರೈಲಿನಲ್ಲಿ, ನಡುವೆ ಒಂದು ಸಲ ಗಾಡಿ ಬದಲಿಸಿದರೆ, ಶಿಪ್‌ಲೇಕ್ ಅನ್ನುವ ಹಳ್ಳಿ. ಅಲ್ಲಿನ ಚರ್ಚಿನಲ್ಲಿ ಜೇಮ್ಸ್ ಗ್ರೇಂಜರ್ ಅಂತ ಒಬ್ಬ ಪಾದ್ರಿ ಇದ್ದ. 1769ರಲ್ಲಿ ಅವನೊಂದು ಪುಸ್ತಕ ತಂದ. ಇಂಗ್ಲೆಂಡಿನ ಯಾವ ಯಾವ ದೊಡ್ಡ ಮನುಷ್ಯರ ಮುಖ ಅಚ್ಚಾಗಿದೆ ಅಂತ ಸಾಲುಸಾಲಾಗಿ ಪಟ್ಟಿ, ಪ್ರತಿಯೊಬ್ಬರಿಗೂ ಎರಡು ಮಾತು. ಪುಸ್ತಕ ಬಂದದ್ದೇ ತಡ, ಜನಕ್ಕೆ ಹುಚ್ಚು ಹಿಡಿಯಿತು. ಪಟ್ಟಿಯಲ್ಲಿರುವ ಮುಖಗಳನ್ನೆಲ್ಲ ಹುಡುಕಿ ತಂದು ತಮ್ಮ ಪ್ರತಿಯೊಳಗೆ ಸೇರಿಸಿ, ಒಂದು ಪುಸ್ತಕವನ್ನು ಹತ್ತಾರು ಸಂಪುಟ ಮಾಡುವವರು ಹುಟ್ಟಿಕೊಂಡರು. ಅದಕ್ಕಾಗಿ ಬೇರೆ ಪುಸ್ತಕಗಳ ಮುಖಚಿತ್ರ ಹರಿದರು. ಹಾಳೆಗೆ ಹೊಂದಲಿ ಅಂತ ಅಂಚು ಕತ್ತರಿಸಿದರು. ಚಿತ್ರ ಇರುವ ಪುಸ್ತಕಗಳ ಬೆಲೆ ಐದು ಪಟ್ಟು ಏರಿತಂತೆ. ಪಾದ್ರಿಯೂ ಕಡಿಮೆಯವನಲ್ಲ, ಅವನ ಹತ್ತಿರ 14,000ಕ್ಕೂ ಜಾಸ್ತಿ ಮುಖಗಳಿದ್ದವು ಅನ್ನುತ್ತಾರೆ.

ನಾನು ಒಂದು ಭಾನುವಾರ ಶಿಪ್‌ಲೇಕಿಗೆ ಹೋಗಿದ್ದೆ. ಚರ್ಚಿನ ಹಿಂದೆ ಥೇಮ್ಸ್ ನದಿ, ಎದುರಿಗೆ ಇಳಿಜಾರು, ಒದ್ದೆ ಹುಲ್ಲು. ಒಳಗೆ ಇಬ್ಬರು ಅಜ್ಜಿಯರು ಹೂವು ಜೋಡಿಸುತ್ತಿದ್ದರು. 1776ರಲ್ಲಿ ಗ್ರೇಂಜರ್ ಇದೇ ಚರ್ಚಿನಲ್ಲಿ ಪೂಜೆಯ ನಡುವೆ ಕುಸಿದು ಬಿದ್ದ, ಮರುದಿನ ಬೆಳಗ್ಗೆ ತೀರಿಕೊಂಡ. ನಾನು ಹಿಂದಿನ ಬೆಂಚಿನಲ್ಲಿ ಕೂತು ಯೋಚಿಸಿದ್ದು ಮಾತ್ರ ಒಂದು ಸಣ್ಣ ವಿಷಯ. ಇಂಥ ಚಿಕ್ಕ ಹಳ್ಳಿಯಲ್ಲಿ ಈ ಮನುಷ್ಯ ಹದಿನಾಲ್ಕು ಸಾವಿರ ದೊಡ್ಡವರ ಮುಖ ಇಟ್ಟುಕೊಂಡು ರಾತ್ರಿ ಏನು ಮಾಡುತ್ತಿದ್ದ? ಮಾತಾಡಿಸುತ್ತಿದ್ದನೇ? ನಾನು ಬಾಡಿಗೆ ಕೋಣೆಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ಊಟ ಮುಗಿಸಿ ಮಂಚದ ಮೇಲೆ ಹಾಳೆಗಳನ್ನು ಹರವಿಕೊಂಡು ಒಬ್ಬೊಬ್ಬರನ್ನೇ ನೋಡುತ್ತಾ ಕೂರುವುದು. ಯಾರದೂ ಸಂಸಾರ ಗೊತ್ತಿಲ್ಲ. ಹೆಸರು ಗೊತ್ತು.

ಮೈ ಅದೇ, ತಲೆ ಬೇರೆ

ಬರಹ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಮುಖ ಹೋಲಿಸಿ ಇದು ಯಾರು ಕೊರೆದ ಹಾಳೆ ಅಂತ ಪತ್ತೆ ಹಚ್ಚುವುದು. ಬ್ರಿಟಿಷ್ ಮ್ಯೂಸಿಯಮ್ಮಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು ಎರಡು ರಾತ್ರಿ ಹೋಲಿಸಿದೆ. ಆಗ ಗೊತ್ತಾಯಿತು, ಒಬ್ಬನೇ ಕಾರ್ನ್‌ವಾಲಿಸ್ ಹತ್ತು ಮುಖದಲ್ಲಿದ್ದಾನೆ. ಒಂದರಲ್ಲಿ ತೆಳ್ಳಗೆ, ಒಂದರಲ್ಲಿ ಎರಡು ಗದ್ದ. ಈಟನ್ ಶಾಲೆಯಲ್ಲಿದ್ದಾಗ ಹಾಕಿ ಆಡುತ್ತಾ ಕಣ್ಣಿಗೆ ಪೆಟ್ಟು ಬಿದ್ದು ಅವನಿಗೆ ಮೆಳ್ಳೆಗಣ್ಣು ಉಳಿದಿತ್ತು. ನನ್ನ ಹಾಳೆಯಲ್ಲಿ ಎರಡೂ ಕಣ್ಣು ನೆಟ್ಟಗಿವೆ. ಕೊರೆದವನು ಮರ್ಯಾದೆಗೆ ಸರಿ ಮಾಡಿದನೋ, ನೋಡದೇ ಕೊರೆದನೋ. ಸಂತೆಯ ಪೆಟ್ಟಿಗೆಯಲ್ಲಿ ಆ ಪಟ್ಟಿ ಇಲ್ಲದೇ ಸಿಕ್ಕಿದ್ದರೆ ನಾನು ಇವನನ್ನು ಗುರುತಿಸುತ್ತಲೇ ಇರಲಿಲ್ಲ.

ಈ ಕಸುಬಿನಲ್ಲಿ ಮುಖ ನಂಬುವಂತಿಲ್ಲ. ಪಿಯೆರ್ ಲೊಂಬಾರ್ ಅಂತ ಒಬ್ಬ ಫ್ರೆಂಚ್ ಕೆತ್ತನೆಗಾರ 17ನೇ ಶತಮಾನದ ನಡುವೆ ಲಂಡನ್ನಿನಲ್ಲಿದ್ದ. ಕುದುರೆ ಮೇಲೆ ಕೂತ ವೀರನ ದೊಡ್ಡ ತಗಡೊಂದನ್ನು ಕೊರೆದ. ಆ ತಗಡಿನ ಒಂದು ಹಂತದ ಹಾಳೆಯಲ್ಲಿ ಸವಾರ ಆಲಿವರ್ ಕ್ರಾಮ್‌ವೆಲ್. ಇನ್ನೊಂದು ಹಂತದಲ್ಲಿ ತಲೆಯೇ ಇಲ್ಲ, ಕುತ್ತಿಗೆಯ ಮೇಲೆ ಬಿಳಿ ಕಾಗದ. ಮತ್ತೊಂದರಲ್ಲಿ ಅದೇ ಕುದುರೆ, ಅದೇ ಕವಚ, ಅದೇ ಕೈ, ಮೇಲೆ ಮಾತ್ರ ದೊರೆ ಮೊದಲನೇ ಚಾರ್ಲ್ಸನ ತಲೆ. ಇವನ ತಲೆಯನ್ನು 1649ರಲ್ಲಿ ನಿಜವಾಗಿಯೂ ಕಡಿಸಿದವರಲ್ಲಿ ಕ್ರಾಮ್‌ವೆಲ್ ಒಬ್ಬ! ಸರ್ಕಾರ ಬದಲಾದಾಗ ತಾಮ್ರ ದಂಡ ಮಾಡುವುದು ಯಾಕೆ? ಮುಖ ಹೆರೆದು, ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ, ಹೊಸ ಮುಖ ಕೊರೆದರೆ ಆಯಿತು. ನಮ್ಮಲ್ಲಿ ಚುನಾವಣೆ ಆದ ಮೇಲೆ ಫ್ಲೆಕ್ಸ್ ಅಂಗಡಿಯವರು ಅದೇ ಹಾರ, ಅದೇ ಮುಗಿದ ಕೈಗೆ ಬೇರೆ ತಲೆ ಅಂಟಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಕಥೆ ಇನ್ನೂ ಚೆನ್ನಾಗಿದೆ. 1865ರಲ್ಲಿ ಲಿಂಕನ್ ಕೊಲೆಯಾದಾಗ ಅವನ ಚಿತ್ರಕ್ಕೆ ವಿಪರೀತ ಬೇಡಿಕೆ. ಗಂಭೀರವಾಗಿ ನಿಂತ, ಮೈಮೇಲೆ ಶಾಲು ಇಳಿಬಿಟ್ಟ ಲಿಂಕನ್ನನ ಒಂದು ಚಿತ್ರ ಹೊರಬಂತು. ಜನ ಮನೆಗಳಲ್ಲಿ ಹಾಕಿಕೊಂಡರು. ಎಷ್ಟೋ ಕಾಲದ ಮೇಲೆ ಯಾರೋ ಗಮನಿಸಿದರು, ಕೆನ್ನೆಯ ಮಚ್ಚೆ ತಪ್ಪು ಬದಿಯಲ್ಲಿದೆ. ಕೆದಕಿದರೆ ಆ ದೇಹ ಜಾನ್ ಕ್ಯಾಲ್ಹೂನನದು. ಗುಲಾಮಗಿರಿ ಒಳ್ಳೆಯದೇ ಅಂತ ಜೀವನವಿಡೀ ವಾದಿಸಿದ ರಾಜಕಾರಣಿ. ಮೇಜಿನ ಮೇಲಿದ್ದ ಕಾಗದಗಳ ಅಕ್ಷರವನ್ನೂ ಬದಲಿಸಿದ್ದರು. ಗುಲಾಮರನ್ನು ಬಿಡಿಸಿದವನ ತಲೆ ಆ ಹೆಗಲ ಮೇಲೆ!

ನಮ್ಮ ಹೈದರನ ಪಾಡೂ ಇದೇ. ನನ್ನ ಸಂಗ್ರಹದ ಒಂದು ಹಾಳೆಯಲ್ಲಿ ಅವನಿಗೆ ಎದೆಯ ತನಕ ದಾಡಿ. ಅವನ ಸೈನ್ಯದಲ್ಲೇ ಇದ್ದ ಫ್ರೆಂಚ್ ಅಧಿಕಾರಿ ಮೈಸ್ತ್ರ್ ದ ಲಾ ತೂರ್, ಹೈದರನಿಗೆ ದಾಡಿಯೂ ಇಲ್ಲ ಮೀಸೆಯೂ ಇಲ್ಲ ಅಂತ ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಹುಬ್ಬು, ರೆಪ್ಪೆಯನ್ನೂ ಬೋಳಿಸುತ್ತಿದ್ದ ಅಂತ ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲೂ ಅವನಿಗೆ ದಾಡಿಯಿಲ್ಲ, ಆ ಗೋಡೆಗೆ ಎಷ್ಟು ಸಲ ಬಣ್ಣ ಬಳಿದಿದ್ದರೂ. ಆದರೆ ಯುರೋಪಿನ ಕೆತ್ತನೆಗಾರನಿಗೆ ಪೂರ್ವದ ನವಾಬ ಅಂದರೆ ದಾಡಿ ಇರಲೇಬೇಕು. ಕೊರೆದು ಕೆಳಗೆ ಹೈದರ್ ಅಲಿ ಅಂತ ಹೆಸರು ಹಾಕಿದ. ಮುಗಿಯಿತು. ಟಿಪ್ಪುವಿನ ಮಕ್ಕಳು ಜನಾನಾದಿಂದ ಹೊರಡುವ ದುಃಖದ ದೃಶ್ಯ ಬರೆದ ಮ್ಯಾಥರ್ ಬ್ರೌನ್ ಭಾರತಕ್ಕೆ ಬಂದವನೇ ಅಲ್ಲ. 1800ರಲ್ಲಿ ಲಂಡನ್ನಿನ ಲೈಸಿಯಮ್ ರಂಗಮಂದಿರದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಭಾರಿ ಪರದೆ ಮೇಲೆ ಬರೆದು ತೋರಿಸಿ ಜನರನ್ನು ದಂಗುಬಡಿಸಿದ ಕೆರ್ ಪೋರ್ಟರನೂ ಕಾವೇರಿ ನೋಡಿರಲಿಲ್ಲ. ಸೈನ್ಯದ ಜೊತೆ ನಿಜವಾಗಿ ಬಂದಿದ್ದ ರಾಬರ್ಟ್ ಹೋಮ್‌ನಂಥವರು ಕಡಿಮೆ. ನನಗೆ ಬೇಕಿರುವುದು ದಿವಾನ್ ಪೂರ್ಣಯ್ಯನವರ ಮುಖ. ಥಾಮಸ್ ಹಿಕಿ ಎದುರಿಗೇ ಕೂರಿಸಿಕೊಂಡು ಬರೆದ ಬಣ್ಣದ ಚಿತ್ರ ಇದೆ. ಅದರ ಹಳೆಯ ಎಂಗ್ರೇವಿಂಗ್ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಅಮ್ಮ ಕೇಳಿದ್ದು

ಫ್ರೇಮು ಮನೆಗೆ ತಂದ ದಿನ ಹಾಲಿನಲ್ಲಿ ಎಲ್ಲಿ ನೇತುಹಾಕುವುದು ಅಂತ ನೋಡುತ್ತಿದ್ದೆ. ನಮ್ಮ ಹಾಲಿನ ಗೋಡೆಯಲ್ಲಿ ಮೂರು ಚಿತ್ರ ಇವೆ. ತಾತ, ಅಜ್ಜಿ, ತಾತನ ಕಾಲದ ನಾಲ್ವಡಿ ಕೃಷ್ಣರಾಜ ಒಡೆಯರು. ಅಮ್ಮ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಯಾರೋ ಇದು?"

"ಕಾರ್ನ್‌ವಾಲಿಸ್ ಅಮ್ಮ. ಟಿಪ್ಪು ಮಕ್ಕಳನ್ನ ಒತ್ತೆ ಇಟ್ಕೊಂಡನಲ್ಲ, ಅವನು."

"ಕೆಳಗೆ ಹೆಸರೇ ಇಲ್ವಲ್ಲೋ."

"ಇತ್ತು. ಹೋಯ್ತು."

ಅವಳು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದಳು. "ಒಳ್ಳೆ ಮನುಷ್ಯನ ಥರ ಕಾಣ್ತಾನೆ," ಅಂದಳು. ಆಮೇಲೆ, "ತಾತನ ಪಕ್ಕ ಹಾಕಿದ್ರೆ ಹಬ್ಬದಲ್ಲಿ ಇವನಿಗೂ ಹಾರ ಹಾಕ್ಬೇಕಾಗತ್ತೆ. ತಾತನಿಗೆ ಹಾಕಿ ಇವನಿಗೆ ಬಿಟ್ರೆ ಚೆನ್ನಾಗಿರಲ್ಲ. ಹಾಕ್ತೀಯಾ?"

ನಾನು ಮೊಳೆ ಹಿಡಿದುಕೊಂಡು ನಿಂತೇ ಇದ್ದೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ನಮ್ಮ ಮನೆಗಳಲ್ಲಿ ಗೋಡೆಗೆ ಮುಖ ಏರಿತು ಅಂದರೆ ಅದಕ್ಕೆ ಒಂದು ಸ್ಥಾನ ಸಿಕ್ಕಿತು. ಕುಂಕುಮ, ಹಾರ, ವರ್ಷಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುವುದು. ಗೌರವ ಇಲ್ಲದವನನ್ನು ಗೋಡೆಗೆ ಏರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ನಾನೇನೋ ಇವನ ಕೆನ್ನೆಯ ಚುಕ್ಕಿ ಮೆಚ್ಚಿ ತಂದವನು. ಎರಡು ತಿಂಗಳೋ ಮೂರು ತಿಂಗಳೋ ಬೆನ್ನು ಬಗ್ಗಿಸಿ ತಾಮ್ರದ ಮೇಲೆ ಆ ಚುಕ್ಕಿ ಇಟ್ಟವನ ಕೈ ನನಗೆ ಮುಖ್ಯ. ಆದರೆ ಅವನ ಹೆಸರು ಇದ್ದದ್ದೂ ಆ ಪಟ್ಟಿಯಲ್ಲೇ. ಈಗ ಗೋಡೆಗೆ ಏರಿದರೆ ಏರುವುದು ಬೆಂಗಳೂರು ಕೋಟೆ ಒಡೆದವನು ಮಾತ್ರ. ಅಥವಾ ಯಾರೋ ಒಬ್ಬ ಒಳ್ಳೆ ಮನುಷ್ಯನ ಥರ ಕಾಣುವವನು. ಮೊಳೆಯನ್ನು ಡಬ್ಬಿಗೆ ಹಾಕಿದೆ. ಫ್ರೇಮನ್ನು ನನ್ನ ಕೋಣೆಯ ಕಪಾಟಿನ ಪಕ್ಕ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ವಾರ ಕಳೆದರೂ ಸಮಾಧಾನವಾಗಲಿಲ್ಲ. ಮತ್ತೆ ಪೇಟೆಗೆ ಹೋದೆ. ಕಸ ಇನ್ನೂ ಎಸೆದಿರದಿದ್ದರೆ ಅಂತ ಒಂದು ಆಸೆ. ಯಜಮಾನರಿಗೆ ತಕ್ಷಣ ನೆನಪಾಯಿತು.

"ಆ ಪಟ್ಟಿನಾ ಸಾರ್? ಎಸೆದಿಲ್ಲ. ಒಳ್ಳೆ ಗಟ್ಟಿ ಕಾಗದ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಒಂದು ತಿಮ್ಮಪ್ಪನ ಫ್ರೇಮಿನಲ್ಲಿ ಗಾಜು ಅಲ್ಲಾಡ್ತಿತ್ತು. ಮಡಿಚಿ ಸಂದಿಗೆ ಕೊಟ್ಟೆ. ಈಗ ಅಲ್ಲಾಡಲ್ಲ."

"ಆ ಫ್ರೇಮು ಎಲ್ಲಿದೆ?"

"ನಾಗರಬಾವಿ ಕಡೆಯವರು ತಗೊಂಡು ಹೋದ್ರು. ಗೃಹಪ್ರವೇಶ ಇತ್ತಂತೆ." ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಕೆಳಗಿನಿಂದ ಒಂದು ಪೆನ್ನು, ಹಳೆ ಲಗ್ನಪತ್ರಿಕೆಯ ಹಿಂಬದಿ ತೆಗೆದು ಮುಂದಿಟ್ಟರು. "ಹೆಸರು ತಾನೇ ಬೇಕಾಗಿದ್ದು? ಕಂಪ್ಯೂಟರಿನಲ್ಲಿ ಹೊಡೆಸಿ ಅಂಟಿಸಿ ಕೊಡ್ತೀನಿ, ದುಡ್ಡು ಬೇಡ. ಏನಂತ ಹಾಕಿಸ್ಲಿ, ಬರೆದುಕೊಡಿ ಸಾರ್."